ಬೈರಪ್ಪನ ಆಯಿಲ್ ಮೀಟರು

ಅನ್ನಪೂರ್ಣೇಶ್ವರಿ ನಗರದಲ್ಲಿ ಬೈರಪ್ಪನ ಮನೆ ಯಾವುದು ಎಂದು ಕೇಳಿದರೆ ಜನ ಮನೆ ತೋರಿಸುವುದಿಲ್ಲ, ಟ್ರ್ಯಾಕ್ಟರ್ ತೋರಿಸುತ್ತಾರೆ. ನಾಲ್ಕಂತಸ್ತಿನ ಬಾಡಿಗೆ ಮನೆಗಳ ನಡುವೆ ಒಂದು ಖಾಲಿ ಸೈಟು, ಸೈಟಿನ ಮೂಲೆಯಲ್ಲಿ ಬೋರ್‌ವೆಲ್ಲು, ಪಕ್ಕದಲ್ಲಿ ತಗಡಿನ ಚಪ್ಪರ, ಚಪ್ಪರದ ಕೆಳಗೆ ಬಣ್ಣ ಮಾಸಿದ ಕೆಂಪು ಟ್ರ್ಯಾಕ್ಟರು, ಅದರ ಹಿಂದೆ ನೀರಿನ ಟ್ಯಾಂಕರು. ಒಂದು ಕಾಲಕ್ಕೆ ಇದೇ ಗಾಡಿ ಇದೇ ಜಾಗದಲ್ಲಿ ರಾಗಿ ಹೊಲ ಉಳುತ್ತಿತ್ತು. ಹೊಲಗಳು ಲೇಔಟಾದವು, ಬದುಗಳು ಕ್ರಾಸ್ ರೋಡುಗಳಾದವು. ಜತೆಯವರೆಲ್ಲ ಟ್ರ್ಯಾಕ್ಟರು ಮಾರಿ ಕಾರು ತಂದರು. ಬೈರಪ್ಪ ಮಾತ್ರ ನೇಗಿಲು ಬಿಚ್ಚಿಟ್ಟು ಟ್ಯಾಂಕರು ತಗುಲಿಸಿಕೊಂಡ. ಉತ್ತ ನೆಲಕ್ಕೇ ಈಗ ನೀರು ಹೊತ್ತು ಹಾಕುತ್ತಾನೆ, ಅಷ್ಟೇ ವ್ಯತ್ಯಾಸ.

ಹಾಗಂತ ಹೊಟ್ಟೆಪಾಡಿಗೆ ಮಾಡುತ್ತಾನೆ ಎಂದುಕೊಳ್ಳಬೇಡಿ. ಮನೆ ಬಾಡಿಗೆ ಬರುತ್ತದೆ. ಮಗ ಕಾಂತರಾಜು ಚಂದ್ರಾ ಲೇಔಟಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು ಚೆನ್ನಾಗಿದ್ದಾನೆ, ಅಪ್ಪ ಅಮ್ಮನ ಜತೆಯಲ್ಲೇ ಇದ್ದಾನೆ. ಎಪ್ಪತ್ತು ದಾಟಿದ ಮನುಷ್ಯ ಬಿಸಿಲಲ್ಲಿ ಟ್ಯಾಂಕರ್ ಓಡಿಸಬೇಕಾದ ಯಾವ ಕರ್ಮವೂ ಇಲ್ಲ. ಆದರೆ ಬೆಳಗ್ಗೆ ಎದ್ದು ಆ ಎಂಜಿನ್ನು ಶುರು ಮಾಡದಿದ್ದರೆ ಬೈರಪ್ಪನಿಗೆ ಮಧ್ಯಾಹ್ನ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ. ಕಾಂತರಾಜು ಆಗಾಗ ಗುಜರಿಯ ಮಾತು ಎತ್ತುತ್ತಾನೆ. ಒಂದೇ ಒಂದು ದಿನ ಏನಾದರೂ ಹೆಚ್ಚುಕಮ್ಮಿ ಆಗಲಿ, ಅವತ್ತೇ ಗಾಡಿಯನ್ನು ಗುಜರಿಗೆ ಹಾಕಿಸುತ್ತೇನೆ ಎಂದು ಅಪ್ಪನಿಗೆ ಕಡ್ಡಿ ಮುರಿದ ಹಾಗೆ ಹೇಳಿಟ್ಟಿದ್ದಾನೆ. ಅಪ್ಪನಿಗೆ ಏನಾದೀತೋ ಎಂಬ ಭಯಕ್ಕೆ ಹೇಳಿದ ಮಾತೇ ಹೊರತು ಬೇರೇನೂ ಇಲ್ಲ, ಪಾಪ. ಆದರೆ ಬೈರಪ್ಪನ ಕಿವಿಗೆ ಆ ಗುಜರಿ ಅನ್ನೋ ಶಬ್ದ ಕಾದ ಎಣ್ಣೆ ಬಿಟ್ಟ ಹಾಗೆ.

ಕಿವಿ ಅಂದೆನಲ್ಲ, ಅದರ ಕಥೆ ಮೊದಲು ಹೇಳಬೇಕು. ಒಂದು ಕಾಲಕ್ಕೆ ಮಲ್ಲತ್ತಹಳ್ಳಿ, ಉಳ್ಳಾಲು, ಹೇರೋಹಳ್ಳಿ ಸುತ್ತಮುತ್ತ ಯಾರ ಟ್ರ್ಯಾಕ್ಟರ್ ಕೆಟ್ಟರೂ ಮೆಕ್ಯಾನಿಕ್ಕಿಗಿಂತ ಮುಂಚೆ ಬೈರಪ್ಪನನ್ನು ಕರೆಯುತ್ತಿದ್ದರು. ಉದ್ದ ಸ್ಕ್ರೂಡ್ರೈವರಿನ ಮೊನೆಯನ್ನು ಎಂಜಿನ್ನಿಗೆ ಆನಿಸಿ, ಮರದ ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಸುತ್ತ ನಿಂತವರು ಉಸಿರು ಬಿಗಿಹಿಡಿದು ಅವನ ಮುಖ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಕಣ್ಣು ಬಿಟ್ಟು ಇಂಥ ಕಡೆ ಇಂಥದ್ದು ಹೋಗಿದೆ ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಅದೇ ಹೋಗಿರುತ್ತಿತ್ತು. ಪಕ್ಕದ ಹೊಲದಲ್ಲಿ ಓಡುವ ಎಂಜಿನ್ನು ಗೊಣಗಿದರೂ ಇವನು ಊಟದ ತಟ್ಟೆ ಬಿಟ್ಟು ಎದ್ದು ಹೋಗಿ ಹೇಳಿ ಬರುತ್ತಿದ್ದ. ನಮ್ಮ ಬೈರನಿಗೆ ದೇವರು ಬಾಯಿಗೆ ಕೊಡಬೇಕಾದ್ದನ್ನೂ ಕಿವಿಗೇ ಕೊಟ್ಟಿದ್ದಾನೆ ಎಂದು ಅವನ ತಾಯಿ ಬೋರಮ್ಮ ಬಂದವರ ಮುಂದೆ ಹೇಳಿಕೊಳ್ಳುತ್ತಿದ್ದಳು.

ಹೀಗಾಗಿ ತನ್ನ ಗಾಡಿಯ ಆಯಿಲ್ ಮೀಟರು ಕೆಟ್ಟು ವರ್ಷಗಳಾದರೂ ಅವನು ತಲೆ ಕೆಡಿಸಿಕೊಂಡಿರಲಿಲ್ಲ. ಸ್ಟಿಯರಿಂಗಿನ ಹಿಂದೆ ಒಂದು ದುಂಡು ಮೀಟರು, ಅದರೊಳಗೆ ಒಂದು ಮುಳ್ಳು. ಎಂಜಿನ್ನಿನೊಳಗೆ ಎಣ್ಣೆ ಎಷ್ಟು ಒತ್ತಡದಲ್ಲಿ ಓಡಾಡುತ್ತಿದೆ ಎಂದು ತೋರಿಸುವುದು ಅದರ ಕೆಲಸ. ಎಣ್ಣೆಯ ಒತ್ತಡ ಬಿದ್ದುಹೋದರೆ ಒಳಗಿನ ಕಬ್ಬಿಣ ಕಬ್ಬಿಣವನ್ನೇ ತಿನ್ನುತ್ತದೆ. ಬೈರಪ್ಪನ ಮೀಟರಿನ ಮುಳ್ಳು ಗಾಡಿ ಓಡುತ್ತಿದ್ದರೂ ನಡುವಿನಲ್ಲಿ, ನಿಂತಿದ್ದರೂ ನಡುವಿನಲ್ಲಿ. ಯಾರಾದರೂ ಕೇಳಿದರೆ, ಮುಳ್ಳು ಹೇಳಿ ನಾನು ತಿಳಿದುಕೊಳ್ಳಬೇಕಾ, ನನ್ನ ಕಿವಿ ಏನು ಹಪ್ಪಳ ಕಾಯುವುದಕ್ಕಿದೆಯಾ ಎನ್ನುತ್ತಿದ್ದ.

ಅಂಥ ಕಿವಿ ಕೈಕೊಟ್ಟಿತು.

ಒಂದೇ ದಿನಕ್ಕೆ ಕೊಟ್ಟಿದ್ದರೆ ಅತ್ತು ಸುಮ್ಮನಾಗುತ್ತಿದ್ದನೋ ಏನೋ. ಅದು ಮೆಲ್ಲಮೆಲ್ಲಗೆ, ಸಾಲ ತೆಗೆದುಕೊಂಡವನು ಮುಖ ತಪ್ಪಿಸುವ ಹಾಗೆ ದೂರವಾಯಿತು. ಮೊದಲು ಗುಬ್ಬಿ ಸದ್ದು ಹೋಯಿತು. ಆಮೇಲೆ ಫೋನಿನ ಗಂಟೆ. ಆಮೇಲೆ ಗಂಡಸರು ಮೀಸೆಯೊಳಗೆ ಆಡುವ ಮಾತು. ಎದುರಿಗೆ ನಿಂತು ಜೋರಾಗಿ ಆಡಿದರೆ ತಿಳಿಯುತ್ತದೆ, ತುಟಿ ಕಂಡರೆ ಇನ್ನಷ್ಟು ತಿಳಿಯುತ್ತದೆ. ಆದರೆ ಎಂಜಿನ್ನು ಮಾತ್ರ ಕಂಬಳಿ ಹೊದ್ದು ಮಲಗಿದವರ ಹಾಗೆ, ಬರೀ ಗುಂ ಎನ್ನುತ್ತದೆ. ಅದರೊಳಗಿನ ಸಣ್ಣ ಸಣ್ಣ ಸದ್ದುಗಳು, ಅವನು ಹೆಸರಿಟ್ಟು ಕರೆಯಬಲ್ಲವನಾಗಿದ್ದ ಸದ್ದುಗಳು, ಒಂದೂ ಇಲ್ಲ. ಒಂದು ಬೆಳಗ್ಗೆ ಚಪ್ಪರದ ಕೆಳಗೆ ಯಾರೂ ಇಲ್ಲದಾಗ ಆ ಹಳೆಯ ಸ್ಕ್ರೂಡ್ರೈವರನ್ನು ಕಿವಿಗೆ ಒತ್ತಿಕೊಂಡು ನೋಡಿದ. ಕೆನ್ನೆ ನಡುಗಿತೇ ಹೊರತು ಏನೂ ಕೇಳಿಸಲಿಲ್ಲ. ಆ ದಿನ ಅವನು ಟ್ಯಾಂಕರು ಹೊರಡಿಸಲಿಲ್ಲ. ಸೊಂಟ ನೋವು ಎಂದು ಮಲಗಿಬಿಟ್ಟ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಕಾಂತರಾಜು ಕೀಲಿ ಕಿತ್ತುಕೊಳ್ಳುತ್ತಾನೆ, ಗಾಡಿ ಗುಜರಿಗೆ ಹೋಗುತ್ತದೆ, ತಾನು ಕಲ್ಲುಬೆಂಚಿನ ಮೇಲೆ ಕೂತು ಬಾಡಿಗೆಯವರ ಸ್ಕೂಟರ್ ಎಣಿಸಬೇಕಾಗುತ್ತದೆ. ಹೆಂಡತಿ ಮುನಿಲಕ್ಷ್ಮಮ್ಮನಿಗೂ ಹೇಳಲಿಲ್ಲ. ಅವಳಿಗೆ ಗೊತ್ತಾಗದ ಹಾಗೆ ಬಲು ಹುಷಾರಾಗಿ ನಡೆದುಕೊಳ್ಳುತ್ತಿದ್ದೇನೆ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಿತ್ತು ಅವನ ಕಥೆ.

ಕಿವಿ ಹೋದ ಮೇಲೆ ಆ ಮುಳ್ಳಿನ ನೆನಪಾಯಿತು. ಕೇಳಿಸದಿದ್ದರೇನು, ಕಾಣಿಸುತ್ತದಲ್ಲ. ಮುಳ್ಳು ಸರಿಯಾಗಿ ಆಡಿದರೆ ಎಂಜಿನ್ನಿನ ಸುಖದುಃಖ ಕಣ್ಣಿಗೇ ಗೊತ್ತಾಗುತ್ತದೆ, ಯಾರ ಹಂಗೂ ಬೇಡ. ಒಂದು ಬೆಳಗ್ಗೆ ಮೀಟರು ಬಿಚ್ಚಿ ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿಗೆ ಹೊರಟ. ಮುನಿಲಕ್ಷ್ಮಮ್ಮ ತಾನೂ ಬರುತ್ತೇನೆಂದು ಸೆರಗು ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳದು ಈಚೆಗೆ ಇದೇ ಚಾಳಿ. ಟ್ಯಾಂಕರ್ ಹೊರಟರೂ ಮಡ್‌ಗಾರ್ಡಿನ ಮೇಲೆ ಹತ್ತಿ ಕೂರುತ್ತಾಳೆ. ಮನೆಯಲ್ಲಿ ಕೂತು ಕೂತು ಕಾಲು ಹಿಡಿದುಕೊಳ್ಳುತ್ತದೆ, ಗಾಳಿಗೆ ಬರುತ್ತೇನೆ ಎನ್ನುತ್ತಾಳೆ. ದಾರಿಯಲ್ಲಿ ಆಗಾಗ ಅವನ ಹೆಗಲು ತಟ್ಟುತ್ತಾಳೆ, ತೂಕಡಿಸಬೇಡಿ ಎಂದು ಗದರುತ್ತಾಳೆ. ನಾನೆಲ್ಲಿ ತೂಕಡಿಸಿದೆ ಎಂದು ಬೈರಪ್ಪನಿಗೆ ಮೈಯೆಲ್ಲ ಉರಿಯುತ್ತದೆ.

ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಂದಿಯಲ್ಲಿ ಸೋಮಲಿಂಗಪ್ಪನ ಅಂಗಡಿ. ಆಟೋ ಮೀಟರು, ಲಾರಿ ಮೀಟರು, ಬಾಯ್ಲರ್ ಮೀಟರು, ಮುಳ್ಳು ಇರುವ ಯಾವುದನ್ನೇ ಆದರೂ ರಿಪೇರಿ ಮಾಡುತ್ತಾನೆ. ಅರವತ್ತರ ಆಸುಪಾಸಿನ, ದಪ್ಪ ಮೀಸೆಯ, ಮೆತ್ತಗಿನ ಮಾತಿನ ಮನುಷ್ಯ. ಆ ಮೀಸೆಯೂ ಆ ಮೆತ್ತಗಿನ ಮಾತೂ ಸೇರಿ ಬೈರಪ್ಪನಿಗೆ ಒಂದಕ್ಷರ ತಿಳಿಯದ ಹಾಗಾಯಿತು. ಅಷ್ಟರಲ್ಲಿ ಮುನಿಲಕ್ಷ್ಮಮ್ಮ ಗಂಡನ ಎದುರಿಗೆ ಬಂದು ನಿಂತು, ಅವರು ಎಷ್ಟು ವರ್ಷದಿಂದ ಕೆಟ್ಟಿದೆ ಅಂತ ಕೇಳ್ತಾ ಇದಾರೆ, ಹೇಳಬಾರದಾ ಎಂದು ದಬಾಯಿಸಿದಳು. ಬೈರಪ್ಪ ಹೇಳಿದ. ಗಾಜು ಹೇಗೆ ಒಡೆಯಿತು ಅಂತ ಕೇಳ್ತಾ ಇದಾರೆ ಎಂದಳು. ಅದನ್ನೂ ಹೇಳಿದ. ವಯಸ್ಸಾದ ಹಾಗೆ ಇವಳ ಬಾಯಿ ಜಾಸ್ತಿಯಾಗುತ್ತಿದೆ, ಯಾರು ಏನು ಕೇಳಿದರೂ ನಡುವೆ ಬಂದು ನಿಲ್ಲುತ್ತಾಳೆ ಎಂದು ಒಳಗೊಳಗೇ ಬೈದುಕೊಂಡ. ಆದರೆ ಕೆಲಸ ಸಲೀಸಾಯಿತು ಅನ್ನುವುದೂ ನಿಜ.

ಸೋಮಲಿಂಗಪ್ಪ ಮೀಟರಿನ ಮುಂದಿನ ಬಳೆಯನ್ನು ಬಿಚ್ಚಿ, ಕನ್ನಡಕ ಹಣೆಗೇರಿಸಿ, ಒಳಗೆ ಬಗ್ಗಿ ನೋಡಿದ. ಆಮೇಲೆ ನಗುವುದಕ್ಕೆ ಶುರುಮಾಡಿದ. ಮುಳ್ಳಿನ ಬುಡದಲ್ಲಿ ಕುಂಕುಮ, ವಿಭೂತಿ, ಗಂಧ, ತುಪ್ಪ ಎಲ್ಲ ಸೇರಿ ಗಟ್ಟಿಯಾಗಿ ಕಲ್ಲಾಗಿತ್ತು. ಇದು ಮೀಟರೋ, ದೇವರ ಮನೆಯ ಕುಂಕುಮದ ಬಟ್ಟಲೋ ಎಂದು ಕೇಳಿದ. ಮುನಿಲಕ್ಷ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅದು ಅವಳದೇ ಕೈ ಕೆಲಸ.

ಆಯುಧಪೂಜೆಯ ದಿನ ಎಲ್ಲರೂ ಗಾಡಿ ತೊಳೆದು ನಿಲ್ಲಿಸಿ ಪೂಜೆ ಮಾಡುತ್ತಾರೆ. ಬೈರಪ್ಪನ ಮನೆಯಲ್ಲಿ ಮಾತ್ರ ಎಂಜಿನ್ನು ಓಡುತ್ತಿರುವಾಗಲೇ ಪೂಜೆಯಾಗಬೇಕು. ಅದು ಬೋರಮ್ಮ ಮಾಡಿಟ್ಟುಹೋದ ಕಟ್ಟಳೆ. ಉಸಿರಾಡದ್ದಕ್ಕೆ ಹೂವು ಹಾಕುವುದು ಸತ್ತವರಿಗೆ, ನಮ್ಮ ಗಾಡಿಗೆ ಏನಾಗಿದೆ ರೋಗ ಎನ್ನುತ್ತಿದ್ದಳಂತೆ ಆ ತಾಯಿ. ಅತ್ತೆ ಹೋದ ಮೇಲೆ ಸೊಸೆ ಮುಂದುವರಿಸಿದಳು. ಒಂದು ವರ್ಷ ತೆಂಗಿನಕಾಯಿ ಒಡೆದಾಗ ಚಿಪ್ಪು ಸಿಡಿದು ಮೀಟರಿನ ಗಾಜು ಬಿರುಕು ಬಿಟ್ಟಿತು, ಒಂದು ಚೂರು ಉದುರಿಯೇ ಹೋಯಿತು. ಅದಾದ ಮೇಲೂ ಪ್ರತಿ ವರ್ಷ ಎಂಜಿನ್ನು ಗುಡುಗುಡು ಎನ್ನುವಾಗ, ಮುಳ್ಳು ನಡುಮಧ್ಯೆ ನಿಂತಿರುವಾಗ, ಮುನಿಲಕ್ಷ್ಮಮ್ಮ ಭಕ್ತಿಯಿಂದ ಆ ಗಾಜಿನ ಮೇಲೆ ಗಂಧ ಕುಂಕುಮ ಬಳಿಯುತ್ತಲೇ ಬಂದಳು. ಅದು ಬಿರುಕಿನಿಂದ ಇಳಿದು ಇಳಿದು ಮುಳ್ಳನ್ನು ಹಿಡಿದುಕೊಂಡಿತು. ನಿಂತಲ್ಲೇ ಮೋಕ್ಷ ಸಿಕ್ಕ ಮೇಲೆ ಅದು ಇನ್ನೆಲ್ಲಿ ಅಲ್ಲಾಡುತ್ತದೆ.

ಸೋಮಲಿಂಗಪ್ಪ ಎಲ್ಲ ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗಾಜು ಕೂರಿಸಿಕೊಟ್ಟ. ಎಂಜಿನ್ನಿನಿಂದ ಮೀಟರಿಗೆ ಎಣ್ಣೆ ಬರುವ ಸಣ್ಣ ತಾಮ್ರದ ಕೊಳವೆಯೂ ಹಳೆಯದಾಗಿರಬೇಕೆಂದು ಹೊಸದೊಂದನ್ನು ಸುತ್ತಿಕೊಟ್ಟ. ಬೈರಪ್ಪ ಆ ಮೀಟರನ್ನು ಎಳೆಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ತಂದ.

ಆ ಸಂಜೆ ಅದನ್ನು ಕೂರಿಸಿ ಎಂಜಿನ್ನು ಶುರು ಮಾಡಿದಾಗ ಮುಳ್ಳು ಸರಕ್ಕನೆ ಮೇಲೆದ್ದಿತು. ಯಾರದೋ ಜತೆ ಮಾತು ಬಿಟ್ಟು, ಮತ್ತೆ ಅವರೇ ಬಂದು ಚೆನ್ನಾಗಿದ್ದೀಯಾ ಎಂದು ಕೇಳಿದ ಹಾಗಿತ್ತು ಅವನಿಗೆ. ಆದರೆ ಆ ಖುಷಿ ಟ್ಯಾಂಕರು ತುಂಬುವವರೆಗೆ ಮಾತ್ರ. ಎಂಜಿನ್ನು ಬಿಸಿಯಾಗುತ್ತಾ ಬಂದ ಹಾಗೆ ಮುಳ್ಳು ಕೆಳಕ್ಕೆ ಜಾರುತ್ತಾ ಬಂದು ಸೊನ್ನೆಯ ಪಕ್ಕದಲ್ಲಿ ಮಲಗಿತು. ಆಕ್ಸಿಲರೇಟರ್ ಕೊಟ್ಟರೆ ಒಂಚೂರು ತಲೆ ಎತ್ತುತ್ತದೆ, ಬಿಟ್ಟರೆ ಮತ್ತೆ ಮಲಗುತ್ತದೆ. ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದ, ಎಣ್ಣೆ ತುಂಬ ಇದೆ. ಗಾಡಿಗೆ ಏನೂ ಆಗಿಲ್ಲ, ಆಗಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲವಾ ಎಂದುಕೊಂಡ. ಗೊತ್ತಾಗುತ್ತಿರಲಿಲ್ಲ ಎಂದು ಅವನ ಎದೆಯ ಮೂಲೆಗೆ ಗೊತ್ತಿತ್ತು. ಆದರೆ ಆ ಮೂಲೆಯ ಕಡೆ ತಿರುಗಿ ನೋಡುವ ಧೈರ್ಯ ಇರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಇವನು ಮೀಟರ್ ರಿಪೇರಿಯೇ ಸರಿಯಿಲ್ಲ ಎಂದು ತೀರ್ಮಾನಿಸಿದ.

ಮಾರನೆಯ ದಿನ ಟ್ರಾಫಿಕ್ ಶುರುವಾಗುವ ಮೊದಲೇ ಟ್ಯಾಂಕರು ಕಳಚಿಟ್ಟು, ಬರೀ ಗಾಡಿಯನ್ನು ತೆಗೆದುಕೊಂಡು ಹೊರಟ. ಮೀಟರಿನವನಿಗೆ ಕಣ್ಣಾರೆ ತೋರಿಸಿ ಉಗಿಯುತ್ತೇನೆ ಎಂದು ಹಲ್ಲು ಕಡಿದ. ಮುನಿಲಕ್ಷ್ಮಮ್ಮ ಮಡ್‌ಗಾರ್ಡ್ ಹತ್ತಿದಳು. ಗಾಡಿ ಬೇಡ, ಮೀಟರನ್ನು ಬಿಚ್ಚಿಕೊಂಡು ಬಸ್ಸಿನಲ್ಲೇ ಹೋಗೋಣ ಎಂದು ಒಂದು ಸಲ ಅಂದಳು. ಆಮೇಲೆ ಇನ್ನೇನೋ ಹೇಳುವುದಕ್ಕೆ ಬಾಯಿ ತೆರೆದವಳು ಗಂಡನ ಮುಖ ನೋಡಿ ಸುಮ್ಮನಾದಳು. ಮಾಗಡಿ ರಸ್ತೆಯುದ್ದಕ್ಕೂ ಅವಳ ಕೈ ಅವನ ಹೆಗಲು ತಟ್ಟುತ್ತಲೇ ಇತ್ತು.

ಸೋಮಲಿಂಗಪ್ಪ ಬೈಸಿಕೊಂಡೂ ಬೇಸರಿಸಲಿಲ್ಲ. ತಪ್ಪು ತನ್ನದಿದ್ದರೂ ಇರಬಹುದು ಎಂದು ಒಳಗಿನಿಂದ ತಾನು ನಂಬುವ ಇನ್ನೊಂದು ಮೀಟರು ತಂದ. ತಾಮ್ರದ ಕೊಳವೆ ಬಿಚ್ಚಿ ಅದನ್ನು ಎಂಜಿನ್ನಿಗೇ ನೇರವಾಗಿ ಸಿಕ್ಕಿಸಿದ. ಬೈರಪ್ಪ ಎಂಜಿನ್ನು ಶುರು ಮಾಡಿದ. ಆ ಮೀಟರಿನ ಮುಳ್ಳೂ ಸೊನ್ನೆಯ ಪಕ್ಕದಲ್ಲೇ ನಿಂತಿತು. ಸೋಮಲಿಂಗಪ್ಪ ಅದನ್ನು ನೋಡಿದ, ಎಂಜಿನ್ನಿನ ಹೊಟ್ಟೆಯ ಕಡೆ ಬಗ್ಗಿದ, ಹಾಗೇ ಬಗ್ಗಿ ನಿಂತ. ಎದ್ದವನ ಮುಖ ಬೇರೆಯಾಗಿತ್ತು. ಬೈರಪ್ಪನ ಕಡೆ ತಿರುಗಿ ಏನೋ ಕೇಳಿದ.

ಎಂಜಿನ್ನು ಓಡುತ್ತಿತ್ತು. ಮೀಸೆಯ ಕೆಳಗೆ ತುಟಿ ಕಾಣಲಿಲ್ಲ. ಏನೂ ತಿಳಿಯದಾಗ ಹೇಳುವುದಕ್ಕೆಂದು ಬೈರಪ್ಪ ಒಂದು ಉತ್ತರ ಇಟ್ಟುಕೊಂಡಿದ್ದ, ಅದನ್ನೇ ಹೇಳಿದ. "ಹೂಂ, ಅದು ಮೊದಲಿಂದಾನೂ ಹಂಗೇಯ."

ಸೋಮಲಿಂಗಪ್ಪನಿಗೆ ಗಾಬರಿಯಾಯಿತು. ಮುನಿಲಕ್ಷ್ಮಮ್ಮನನ್ನು ನೋಡಿದ. ಬೈರಪ್ಪನೂ ನೋಡಿದ. ಅವಳ ತುಟಿ ಅವನಿಗೆ ಯಾವಾಗಲೂ ಸ್ಪಷ್ಟ. ಯುಗಾದಿ ಆದಮೇಲಿಂದ ಎಂದು ಹೇಳಿ ಅವಳು ತಲೆ ತಗ್ಗಿಸಿದಳು.

ಸೋಮಲಿಂಗಪ್ಪ ಕೈ ಹಾಕಿ ಎಂಜಿನ್ನು ನಿಲ್ಲಿಸಿದ.

"ಏನು ಯುಗಾದಿಯಿಂದ?" ಎಂದ ಬೈರಪ್ಪ. "ಏನು ಅಂತ ಹೇಳ್ರೋ."

ಸೋಮಲಿಂಗಪ್ಪ ಹತ್ತಿರ ಬಂದು ಜೋರಾಗಿ ಹೇಳಿದ. "ಮೀಟರ್ ಸುಳ್ಳು ಹೇಳ್ತಾ ಇಲ್ಲ ಅಣ್ಣ. ಪ್ರೆಶರೇ ಇಲ್ಲ. ಕೆಳಗಡೆ ಬೇರಿಂಗ್ ತಟ್ತಾ ಐತೆ. ಇಷ್ಟು ಜೋರಾಗಿ ತಟ್ತಾ ಐತೆ, ನಿಮಗೆ..." ಎಂದವನು ಅಲ್ಲಿಗೆ ನಿಲ್ಲಿಸಿದ. ಒಳ್ಳೆಯ ಮನುಷ್ಯ, ಅವನಿಗೆ ಆಗ ಅರ್ಥವಾಯಿತು.

ಊರಿನವರ ಎಂಜಿನ್ನುಗಳ ಗೊಣಗಾಟ ಕೇಳಿ ಓಡಿಹೋಗುತ್ತಿದ್ದವನು ಬೈರಪ್ಪ. ತನ್ನ ಗಾಡಿ ಯುಗಾದಿಯಿಂದ ಎದೆ ಬಡಿದುಕೊಂಡು ಅತ್ತಿದೆ, ಅದರ ಬೆನ್ನ ಮೇಲೇ ಕೂತು ದಿನವೂ ಓಡಾಡಿದ್ದಾನೆ, ಕೇಳಿಸಿಲ್ಲ. ನಾಚಿಕೆಯಾಯಿತು. ನಾಚಿಕೆ ತಡೆಯಲಾರದೆ ಸಿಟ್ಟು ಬಂತು. ಸಿಟ್ಟಿಗೆ ಹತ್ತಿರ ಸಿಕ್ಕವಳು ಹೆಂಡತಿ.

"ನಿಂಗೆ ಕೇಳಿಸ್ತಾ ಇತ್ತಾ?"

"ಕೇಳಿಸ್ತಿತ್ತು."

"ಮತ್ತೆ ಬಾಯಿಗೆ ಏನಾಗಿತ್ತೇ? ಗಾಡಿ ಹಾಳಾಗಿ ಹೋಗ್ತಿತ್ತಲ್ಲೇ ಮಾರಾಯ್ತಿ."

ಮುನಿಲಕ್ಷ್ಮಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಅವನಿಗೆ ಕಾಣುವ ಹಾಗೆ ಮುಖ ಎತ್ತಿದಳು. "ಏನಂತ ಹೇಳ್ಲಿ? ಗಾಡಿ ತಟ್ತಾ ಐತೆ ಅಂತ ನಾನು ಬಂದು ಹೇಳಿದ್ರೆ, ನಿಮಗೆ ಕಿವಿ ಕೇಳಿಸ್ತಾ ಇಲ್ಲ ಅಂತ ಹೇಳಿದಂಗೇ ಆಗ್ತಿರಲಿಲ್ವಾ? ಆ ಮಾತು ನನ್ನ ಬಾಯಿಂದ ಬರಬಾರದು ಅಂತ ಇದ್ದೆ. ಹೋದ್ರೆ ಗಾಡಿ ಹೋಗ್ಲಿ ಅಂತಾನೇ ಸುಮ್ನಿದ್ದೆ ಕಣ್ರೀ."

ಬೈರಪ್ಪ ಅಲ್ಲೇ ಬಿದ್ದಿದ್ದ ಹಳೆಯ ಟಯರಿನ ಮೇಲೆ ಕೂತ. ಹೆಗಲು ತಟ್ಟಿದ್ದು ಯಾಕೆ ಅಂತ ಈಗ ಹೊಳೆಯಿತು. ಎಡಗಡೆ ಬೈಕು ಬಂದಾಗ ಎಡ ಹೆಗಲು, ಬಲಗಡೆ ಬಸ್ಸು ಬಂದಾಗ ಬಲ ಹೆಗಲು. ನಡುವೆ ಬಂದು ಬಾಯಿ ಮಾಡಿದ್ದು ಯಾಕೆ ಎಂದೂ ಹೊಳೆಯಿತು. ತಾನು ಅವಳಿಂದ ಬಚ್ಚಿಟ್ಟಿದ್ದೇನೆ ಅಂದುಕೊಂಡಿದ್ದ. ಅವಳು ಅದನ್ನೇ ಊರಿನಿಂದ, ಮಗನಿಂದ, ಕೊನೆಗೆ ಅವನಿಂದಲೇ ಬಚ್ಚಿಟ್ಟಿದ್ದಳು.

"ಯಾವಾಗಿಂದ ಗೊತ್ತು ನಿಂಗೆ?" ಎಂದು ಕೇಳಿದ.

"ನಿಮಗೆ ಗೊತ್ತಾಗೋಕೆ ಮುಂಚೆ," ಎಂದಳು.

ಬೈರಪ್ಪ ಅತ್ತ. ಟವೆಲನ್ನು ಮುಖಕ್ಕೆ ಒತ್ತಿಕೊಂಡು ಭುಜ ಕುಣಿಸುತ್ತಾ ಅತ್ತ. ಸೋಮಲಿಂಗಪ್ಪ ಟೀ ತರುತ್ತೇನೆ ಎಂದು ಹೊರಗೆ ಹೋಗಿ, ಬೇಕೆಂದೇ ಬಹಳ ಹೊತ್ತು ಬಿಟ್ಟು ಬಂದ.

ಗಾಡಿಯನ್ನು ಪಕ್ಕದ ಎಂಜಿನ್ ಶೆಡ್ಡಿಗೆ ತಳ್ಳಿಸಿದರು. ಅಲ್ಲಿಯ ಮೆಕ್ಯಾನಿಕ್ಕು ಕೆಳಗಿನ ಎಣ್ಣೆ ತಟ್ಟೆ ಬಿಚ್ಚಿ ನೋಡಿ, ಬೇರಿಂಗ್ ಸವೆದಿದೆ, ಎಣ್ಣೆ ಪಂಪಿನ ಸ್ಪ್ರಿಂಗೂ ಸೋತಿದೆ, ಆದರೆ ಅದಕ್ಕಿಂತ ಒಳಗಡೆ ಏನೂ ಹೋಗಿಲ್ಲ ಎಂದ. ಇನ್ನೊಂದಷ್ಟು ದಿನ ಹೀಗೇ ಓಡಿಸಿದ್ದರೆ ಎಂಜಿನ್ನನ್ನು ತೂಕಕ್ಕೆ ಹಾಕಬೇಕಾಗಿತ್ತಂತೆ. ಹೊಸ ಬೇರಿಂಗ್ ಹಾಕಿ ಶನಿವಾರ ಕೊಡುತ್ತೇನೆ ಎಂದ. ಇದನ್ನೆಲ್ಲ ಮುನಿಲಕ್ಷ್ಮಮ್ಮ ಎದುರಿಗೆ ನಿಂತು ಒಂದೊಂದೇ ಮಾತಾಗಿ ಗಂಡನಿಗೆ ದಾಟಿಸಿದಳು. ಈ ಸಲ ದಬಾಯಿಸುವ ನೆಪ ಬೇಕಾಗಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಬೈರಪ್ಪ ಮುದ್ದೆ ಮುರಿಯಲಿಲ್ಲ. ಕಾಂತರಾಜುವಿನ ಮುಖವನ್ನೇ ನೋಡುತ್ತಾ ಹೇಳಿದ. "ಕಾಂತಾ, ನಂಗೆ ಕಿವಿ ಕೇಳಿಸಲ್ಲ ಕಣೋ. ಬಹಳ ದಿನ ಆಯ್ತು. ಇನ್ಮೇಲೆ ರೋಡಿಗೆ ನಾನು ಗಾಡಿ ಇಳಿಸಲ್ಲ. ಅದನ್ನ ಗುಜರಿಗೆ ಮಾತ್ರ ಹಾಕಬೇಡ." ಅಷ್ಟು ಹೇಳುವುದಕ್ಕೆ ಅವನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ತಯಾರಿ ಮಾಡಿಕೊಂಡು ಬಂದಿದ್ದ.

ಕಾಂತರಾಜು ಕಲಸಿದ ಕೈಯನ್ನು ತಟ್ಟೆಯಲ್ಲೇ ಬಿಟ್ಟು ಕೂತ. ಟ್ಯಾಂಕರಿನ ಹಿಂದೆ ಮುಂದೆ ಓಡಾಡುವ ಸ್ಕೂಲ್ ಮಕ್ಕಳು, ಬೈಕುಗಳು ಎಲ್ಲ ಅವನ ಕಣ್ಣಿಗೆ ಬಂದಿರಬೇಕು. ಇಷ್ಟು ದಿನ ಅಪ್ಪ ಮಾತಿಗೆ ಉತ್ತರ ಕೊಡದೆ ಎದ್ದು ಹೋಗುತ್ತಿದ್ದುದನ್ನು ಅವನು ಹಟ ಎಂದುಕೊಂಡಿದ್ದ. ಎಷ್ಟು ಸಲ ಮುಖ ಊದಿಸಿಕೊಂಡಿದ್ದ, ಎಷ್ಟು ಸಲ ಕೂಗಾಡಿದ್ದ. ಆಮೇಲೆ ಅಪ್ಪನ ಹತ್ತಿರಕ್ಕೆ ಸರಿದು, ತುಟಿ ಕಾಣುವ ಹಾಗೆ ಕೂತು, ನಿಧಾನವಾಗಿ ಹೇಳಿದ. "ಗುಜರಿ ಮಾತು ಬಿಡಪ್ಪ. ರೋಡಿಗೆ ನಾನೋ ಇನ್ಯಾರೋ ಓಡಿಸ್ತೀವಿ. ಆದ್ರೆ ಅದರ ಮೈ ನೋಡ್ಕೊಳ್ಳೋಕೆ ನನಗೆ ಬರಲ್ಲ. ಅದು ನಿಂದೇ." ನಾಳೆಯೇ ಕಿವಿ ಡಾಕ್ಟರ ಹತ್ತಿರ ಹೋಗುವುದೆಂದೂ ಸೇರಿಸಿದ. ಬೈರಪ್ಪ ತಲೆಯಾಡಿಸಿ ಮುದ್ದೆ ಮುರಿದ. ಮಾರನೆಯ ದಿನ ಡಾಕ್ಟರು ನೋಡಿ, ಕಿವಿಗೆ ಮಿಷನ್ನು ಹಾಕಿಕೊಂಡರೆ ಮಾತು ಇನ್ನಷ್ಟು ತಿಳಿಯುತ್ತದೆ, ಆದರೆ ಮೊದಲಿನ ಕಿವಿ ಬರುವುದಿಲ್ಲ ಎಂದರು. ಮಿಷನ್ನಿಗೆ ಅಳತೆ ಕೊಟ್ಟು ಬಂದರು.

ಶನಿವಾರ ಮೂವರೂ ಶೆಡ್ಡಿಗೆ ಹೋದರು. ಮೆಕ್ಯಾನಿಕ್ಕು ಎಂಜಿನ್ನು ಶುರು ಮಾಡಿ ಬಿಸಿಯಾಗುವವರೆಗೆ ಓಡಿಸಿದ. ಮುಳ್ಳು ಎದ್ದು, ಇಳಿಯಬೇಕಾದಷ್ಟೇ ಇಳಿದು, ನಿಲ್ಲಬೇಕಾದ ಕಡೆ ನಿಂತಿತು. ಮೆಕ್ಯಾನಿಕ್ಕು ಹೆಬ್ಬೆರಳೆತ್ತಿದ. ಸೋಮಲಿಂಗಪ್ಪನೂ ಎತ್ತಿದ. ಕಾಂತರಾಜುವೂ ಎತ್ತಿದ. ಬೈರಪ್ಪ ಮುಳ್ಳನ್ನೂ ನೋಡಿದ, ಹೆಬ್ಬೆರಳುಗಳನ್ನೂ ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿದ.

"ನೀನು ಹೇಳು. ಹೆಂಗೈತೆ?"

ಮದುವೆಯಾಗಿ ಇಷ್ಟು ವರ್ಷಕ್ಕೆ ಎಂಜಿನ್ನಿನ ವಿಷಯದಲ್ಲಿ ಅವನು ಅವಳನ್ನು ಕೇಳಿದ್ದು ಅದೇ ಮೊದಲು. ಹೋದ ವಾರವಾಗಿದ್ದರೆ ಅವಳು ಚೆನ್ನಾಗೈತೆ ಬನ್ನಿ ಎಂದುಬಿಡುತ್ತಿದ್ದಳು. ಈಗ ಹಾಗೆ ಅನ್ನಲಿಲ್ಲ. ಎಂಜಿನ್ನಿನ ಹತ್ತಿರ ಹೋಗಿ, ತಲೆ ವಾಲಿಸಿ, ಗಮನವಿಟ್ಟು ಕೇಳಿದಳು.

"ತಟ್ಟೋದು ಹೋಗೈತೆ," ಎಂದಳು. "ಆದ್ರೆ ಇನ್ನೊಂದು ಐತೆ. ಸಣ್ಣದು. ಕೈಬಳೆ ಗಲಗಲ ಅಂದಂಗೆ. ಈ ಕಡೆ."

ಮೆಕ್ಯಾನಿಕ್ಕು ಏನೂ ಇಲ್ಲ ಎಂದು ಕೈಯಾಡಿಸಿದ. ಏನಿಲ್ಲಮ್ಮ, ಸುಮ್ಮನಿರು ಎಂದ ಕಾಂತರಾಜು. ಬೈರಪ್ಪ ಇಬ್ಬರ ಕಡೆಯೂ ನೋಡಲಿಲ್ಲ. ಹೆಂಡತಿ ತೋರಿಸಿದ ಕಡೆ ಬಗ್ಗಿ, ಹೊಸ ತಾಮ್ರದ ಕೊಳವೆಯ ಮೇಲೆ ಮೆಲ್ಲಗೆ ಬೆರಳು ಆಡಿಸುತ್ತಾ ಹೋದ. ಒಂದು ಕಡೆ ಅದು ಪಕ್ಕದ ಕಬ್ಬಿಣದ ಪಟ್ಟಿಗೆ ತಗುಲಿಕೊಂಡು ನಡುಗುತ್ತಿರುವುದು ಬೆರಳಿಗೆ ಸಿಕ್ಕಿತು. ಹಾಗೇ ಬಿಟ್ಟಿದ್ದರೆ ತಿಂಗಳೊಪ್ಪತ್ತಿನಲ್ಲಿ ಉಜ್ಜಿ ಉಜ್ಜಿ ತೂತು ಬಿದ್ದು ಎಣ್ಣೆಯೆಲ್ಲ ನೆಲದ ಪಾಲಾಗುತ್ತಿತ್ತು. ಎರಡು ಬೆರಳಲ್ಲಿ ಅದನ್ನು ಹಿಡಿದುಕೊಂಡ.

"ಈಗ?"

"ಹೋಯ್ತು."

ಬಿಟ್ಟ. "ಈಗ?"

"ಬಂತು."

ಮತ್ತೆ ಹಿಡಿದುಕೊಂಡ. ಅವಳು ತಲೆಯಾಡಿಸಿದಳು. ಅವನ ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ನಗು ಬಂತು. ಸೋಮಲಿಂಗಪ್ಪ ಬಿಗಿಯುವುದಕ್ಕೆ ಕ್ಲಿಪ್ಪು ಹಿಡಿದುಕೊಂಡು ಬಂದವನು ಅವರಿಬ್ಬರ ಆಟ ಮುಗಿಯಲಿ ಎಂದು ಪಕ್ಕದಲ್ಲಿ ನಿಂತ.

ಮನೆಗೆ ಹೊರಟಾಗ ಬೈರಪ್ಪ ತಾನಾಗಿಯೇ ಕೀಲಿಯನ್ನು ಮಗನ ಕೈಗಿಟ್ಟ. ಕಾಂತರಾಜು ಸ್ಟಿಯರಿಂಗ್ ಹಿಡಿದ. ಒಂದು ಮಡ್‌ಗಾರ್ಡಿನ ಮೇಲೆ ಬೈರಪ್ಪ, ಇನ್ನೊಂದರ ಮೇಲೆ ಮುನಿಲಕ್ಷ್ಮಮ್ಮ, ಎದುರುಬದುರು. ಕ್ಲಚ್ಚು ಹಾಗಲ್ಲ, ಗೇರು ಹೀಗಲ್ಲ ಎಂದು ಮಗನಿಗೆ ಒಂದಷ್ಟು ಬೈದ. ಮಾಗಡಿ ರಸ್ತೆ ಬಂದಾಗ ಬೈಯುವುದನ್ನು ಬಿಟ್ಟ. ಅಲ್ಲಿಂದಾಚೆ ಮುನಿಲಕ್ಷ್ಮಮ್ಮ ಹೇಳುತ್ತಾ ಬಂದಳು, ಒಂದೊಂದಕ್ಕೂ ತುಟಿ ಅಗಲಿಸಿ. ಹಿಂದೆ ಬಸ್ಸಿನವನು ಹಾರನ್ ಹೊಡೀತಾ ಇದಾನೆ. ಮೇಲೆ ಮೆಟ್ರೋ ಹೋಯ್ತು. ಯಾರೋ ಹೂವು ಮಾರೋಳು ಕೂಗ್ತಾ ಅವಳೆ. ಗಾಡಿ ಏನಂತೈತೆ ಎಂದು ಅವನು ಕೇಳಿದ. ರಾಗಿ ಕಲ್ಲು ತಿರುಗಿದಂಗೆ ಐತೆ, ಒಂದೇ ಸಮ ಎಂದಳು.

ಟ್ರ್ಯಾಕ್ಟರಿನ ಮೇಲೆ ಕೂತು ರಸ್ತೆ ನೋಡಬೇಕಾಗಿಲ್ಲದ್ದು ಬೈರಪ್ಪನಿಗೆ ಅದೇ ಮೊದಲ ಸಲ. ಅವನು ಮನೆ ಬರುವವರೆಗೂ ಅವಳ ಬಾಯನ್ನೇ ನೋಡುತ್ತಾ ಕೂತ.